ಹಾಲಿನಲ್ಲಿಟ್ಟು ತಂದ ಹಲ್ಲು

ಅಕ್ಕ ತನ್ನ ಮುಂದಿನ ಹಲ್ಲನ್ನು ಕುಂಕುಮದ ಭರಣಿಯಲ್ಲಿಟ್ಟುಕೊಂಡು ಖಾನಾಪುರದಿಂದ ಬಂದಿದ್ದಳು. ಅವತ್ತು ಶನಿವಾರ. ಮುಂಜಾನೆಯ ಶಾಲೆ ಮುಗಿಸಿ ನಾನು ಮನೆಗೆ ಬಂದಾಗ ಪಡಸಾಲೆಯಲ್ಲಿ ಅವಳ ಚೀಲ ಕಂಡಿತು. ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಹೊಸ್ತಿಲ ಮೇಲೆ ಕೂರಬೇಡವೆಂದು ಸದಾ ಬಯ್ಯುವ ಅವ್ವ ಅವತ್ತು ಏನೂ ಅಂದಿರಲಿಲ್ಲ. ಅಕ್ಕನ ಆರು ವರ್ಷದ ಮಗಳು ಪಕ್ಕದಲ್ಲಿ ನಿಂತು ಶೇಂಗಾ ಬೆಲ್ಲ ತಿನ್ನುತ್ತಿದ್ದಳು.

"ಬಚ್ಚಲದಾಗ ಜಾರಿ ಬಿದ್ನಿ," ಎಂದಳು ಅಕ್ಕ, ನಾನು ಕೇಳುವ ಮೊದಲೇ.

ಅವಳಿಗೆ ಆಗ ನಾಲ್ಕು ತಿಂಗಳು. ಅವ್ವ ಮೊದಲು ಕೇಳಿದ್ದು ಹೊಟ್ಟೆಯದನ್ನೇ. ಹೊಟ್ಟೆಗೇನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಭರಣಿಯ ಮುಚ್ಚಳ ತೆಗೆದು ನೋಡಿದಳು. ಒಳಗೆ ಹತ್ತಿಯಲ್ಲಿ ಸುತ್ತಿದ ಹಲ್ಲು. ಕುಂಕುಮದ ಕೆಂಪು ಅಲ್ಲಲ್ಲಿ ಹತ್ತಿಗೆ ಹತ್ತಿತ್ತು, ಹಲ್ಲು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಅಷ್ಟು ಉದ್ದದ ಬೇರು ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಬಾಯಿಯೊಳಗೆ ಕಾಣುವುದಕ್ಕಿಂತ ಕಾಣದ್ದೇ ಹೆಚ್ಚಿತ್ತು.

ಅದನ್ನು ಹಾಗೆ ಇಟ್ಟುಕೊಟ್ಟವರು ಅಕ್ಕನ ಅತ್ತೆ. ಆಕೆ ಕೆಟ್ಟವರಲ್ಲ. ಬೆಳಗಾವಿಯ ಡಾಕ್ಟರು ಬಿದ್ದ ಹಲ್ಲನ್ನೂ ಕೂಡಿಸುತ್ತಾರೆಂದು ಯಾರೋ ಹೇಳಿದ್ದು ಕೇಳಿ, ಹಲ್ಲು ಸ್ವಚ್ಛವಿರಲೆಂದು ಒಲೆಯ ಬೂದಿ ಹಚ್ಚಿ ತಿಕ್ಕಿ ತೊಳೆದು, ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಒಣಗಿಸಿ, ಹೊಸ ಹತ್ತಿಯಲ್ಲಿ ಸುತ್ತಿದ್ದರು. ತುಟಿಯ ಬಾವು ಇಳಿಯಲಿ, ಬಸ್ಸಿನಲ್ಲಿ ನಾಲ್ಕು ಮಂದಿ ನೋಡುತ್ತಾರೆ ಎಂದು ಮೂರು ದಿನ ಬಿಟ್ಟು ಸೊಸೆಯನ್ನು ಕಳಿಸಿದ್ದರು. ನಮ್ಮ ಮನೆಯಲ್ಲಾದರೂ ಬೇರೇನು ಮಾಡುತ್ತಿದ್ದೆವು? ಚಿಕ್ಕಂದಿನಲ್ಲಿ ನಮ್ಮ ಹಲ್ಲು ಬಿದ್ದರೆ ಸಗಣಿಯ ಉಂಡೆಯೊಳಗಿಟ್ಟು ಮಾಡಿನ ಮೇಲೆ ಎಸೆಯುತ್ತಿದ್ದೆವು. ಬಿದ್ದ ಹಲ್ಲನ್ನು ಕಾಪಾಡುವ ವಿದ್ಯೆ ಯಾರಿಗೂ ಬೇಕಾಗಿರಲಿಲ್ಲ.

ಎಪ್ಪತ್ತರ ದಶಕ ಮುಗಿದು ಒಂದೆರಡು ವರ್ಷವಾಗಿತ್ತು. ನಾನು ಬೆಳಗಾವಿಯ ಖಾಸಬಾಗದ ಒಂದು ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಆಗಷ್ಟೇ ಶಿಕ್ಷಕಿಯಾಗಿ ಸೇರಿದ್ದೆ. ಅಪ್ಪನಿಗೆ ನಮ್ಮ ಮನೆಯ ಓಣಿಯಲ್ಲೇ ಸಣ್ಣ ಅರಿವೆ ಅಂಗಡಿ. ಅಕ್ಕನನ್ನು ಏಳೆಂಟು ವರ್ಷದ ಹಿಂದೆ ಖಾನಾಪುರಕ್ಕೆ ಕೊಟ್ಟಿದ್ದೆವು. ಅವಳ ಗಂಡ ಅಲ್ಲಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಕುಡಿಯುವವನಲ್ಲ, ಎಲೆ ಅಡಿಕೆ ಕೂಡ ಹಾಕುವವನಲ್ಲ. ದಿನಾ ಲಿಂಗಪೂಜೆ ಮಾಡಿ, ಹಣೆತುಂಬ ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೆಲಸಕ್ಕೆ ಹೋಗುವವನು. ಮಾತೂ ಮೆಲ್ಲಗೆ. ನಮ್ಮ ಮನೆಗೆ ಬಂದರೆ ನನ್ನನ್ನೂ ಬಹುವಚನದಲ್ಲಿ ಮಾತಾಡಿಸುತ್ತಿದ್ದ. ಬಳಗದಲ್ಲಿ ಹೊಸ ಅಳಿಯಂದಿರಿಗೆ ಬುದ್ಧಿ ಹೇಳುವಾಗ ಅಪ್ಪ ಇವನ ಹೆಸರನ್ನೇ ತೆಗೆಯುತ್ತಿದ್ದರು.

ಆ ಮಧ್ಯಾಹ್ನವೇ ಅಕ್ಕನನ್ನು ಟಿಳಕವಾಡಿಗೆ ಕರೆದುಕೊಂಡು ಹೋದೆ. ಹಲ್ಲಿನ ಡಾಕ್ಟರ ದವಾಖಾನೆ ಒಂದು ಹಳೆಯ ಕಟ್ಟಡದ ಮಹಡಿಯ ಮೇಲಿತ್ತು, ಕಟ್ಟಿಗೆಯ ಮೆಟ್ಟಿಲು. ಡಾಕ್ಟರಿಗೆ ಐವತ್ತು ದಾಟಿತ್ತು. ಮನೆಯಲ್ಲಿ ಮರಾಠಿ, ಹೊರಗೆ ನಮ್ಮಂಥವರ ಜೊತೆ ಕನ್ನಡ. ಅವರು ಅಕ್ಕನ ಬಾಯಿ ನೋಡಿದರು. ಆಮೇಲೆ ಭರಣಿಯಿಂದ ಹಲ್ಲು ತೆಗೆದು ದೀಪದ ಕೆಳಗೆ ಹಿಡಿದರು.

"ಇದನ್ನ ಯಾರು ತಿಕ್ಕಿದ್ರು?"

"ನಮ್ಮ ಅತ್ತಿಯವ್ರು. ಬೂದಿ ಹಚ್ಚಿ ತೊಳದಾರ್ರಿ."

ಅವರು ಉಸಿರು ಬಿಟ್ಟರು. "ಈ ಬೇರಿನ ಮ್ಯಾಲೆ ಒಂದು ತೆಳ್ಳನ ಪೊರಿ ಇರ್ತದ, ತಾಯಿ. ಕಣ್ಣಿಗೆ ಕಾಣೂದಿಲ್ಲ. ಅದು ಜೀವ ಹಿಡಕೊಂಡಿದ್ರನ ಹಲ್ಲು ಮತ್ತ ದವಡಿಗೆ ಕೂಡ್ತದ. ತಿಕ್ಕಿದ್ರ ಅದು ಹೋತು, ಒಣಗಿದ್ರೂ ಹೋತು. ಈಗ ಇದು ಬರೇ ಎಲವು."

"ಹಂಗಾರ ಹೆಂಗ ಇಡಬೇಕಾಗಿತ್ರಿ?" ಎಂದು ಕೇಳಿದವಳು ನಾನು.

ಅವರು ತಾಳ್ಮೆಯಿಂದ ಹೇಳಿದರು. ಬಿದ್ದ ಹಲ್ಲನ್ನು ಮೇಲಿನ ಬಿಳಿ ಭಾಗ ಹಿಡಿದೇ ಎತ್ತಬೇಕು, ಬೇರು ಮುಟ್ಟಬಾರದು. ಮಣ್ಣಾಗಿದ್ದರೆ ಒಂದು ಸಲ ನೀರಿನಲ್ಲಿ ಅದ್ದಿ ತೆಗೆಯಬೇಕು, ಉಜ್ಜಬಾರದು. ಅರಿವೆ, ಹತ್ತಿ, ಕಾಗದ ಯಾವುದರಲ್ಲೂ ಸುತ್ತಬಾರದು, ನೀರಿನಲ್ಲೂ ಇಟ್ಟಿರಬಾರದು. "ದೊಡ್ಡವರಾದ್ರ ಬಾಯಾಗ, ಗಲ್ಲದ ಒಳಗ ಇಟಗೊಂಡು ಬರಬಹುದು, ನುಂಗಬಾರದು ಅಷ್ಟ. ತಣ್ಣನ್ನ ಹಾಲಿನ್ಯಾಗ ಹಾಕಿದ್ರೂ ನಡೀತದ ಅಂತ ಈಗೀಗ ಹೇಳ್ಲಿಕ್ಕತ್ತಾರ, ಅದ ಛಲೋ. ಒಂದು ತಾಸಿನ ಒಳಗ ನನ್ನ ಹತ್ರ ಬಂದ್ರ ಕೂಡಿಸ್ಲಿಕ್ಕೆ ಬರ್ತದ."

ಹಾಗೆ ಹೇಳುತ್ತಲೇ ಅವರು ಅಕ್ಕನ ಅಂಗೈ ತಿರುಗಿಸಿ ನೋಡಿದರು. ಬಚ್ಚಲಲ್ಲಿ ಜಾರಿ ಬಾಯಿ ಒಡೆದುಕೊಂಡವಳ ಅಂಗೈ ತರಚಿರಬೇಕಲ್ಲ. ತರಚಿರಲಿಲ್ಲ. ಗದ್ದವೂ ಮೊಣಕೈಯೂ ಸರಿಯಾಗೇ ಇದ್ದವು. ಬಳೆಗಳ ಮೇಲೆ, ಮುಂಗೈಯಲ್ಲಿ, ನಾಲ್ಕು ಹಸಿರು ಕಲೆಗಳಿದ್ದವು, ಬೆರಳಷ್ಟು ಅಗಲದವು.

"ಹೆಂಗ ಬಿದ್ರಿ?"

"ಜಾರಿ ಬಿದ್ನಿರಿ."

"ಬಾಯಿ ಮ್ಯಾಲೆನ ಬಿದ್ರಿ?"

"ಹೂಂರಿ."

ಅವರು ಕೈ ಬಿಟ್ಟರು. ನಾನೂ ಆ ಕಲೆಗಳನ್ನು ನೋಡಿದ್ದೆ. ನೋಡಿದವಳು ಡಾಕ್ಟರಿಗೆ ಹೇಳಿದ್ದೇನು ಗೊತ್ತೆ? "ಇನ್ನೊಮ್ಮೆ ಹೇಳ್ರಿ ಸರ, ಬರಕೋತೀನಿ," ಎಂದೆ. ಔಷಧದ ಚೀಟಿಯ ಹಿಂಬದಿಗೆ ಬರೆದುಕೊಂಡೆ. ಅಕ್ಕನಿಗೆ ತೆಗೆದು ಹಾಕುವ ಕಟ್ಟು ಹಲ್ಲು ಮಾಡಿಕೊಡುವುದಾಗಿ ಹೇಳಿ ಅವರು ಅಚ್ಚು ತೆಗೆದುಕೊಂಡರು.

ವಾಪಸು ನಡೆದು ಬರುವಾಗ ರೈಲ್ವೆ ಗೇಟು ಹಾಕಿತ್ತು. ಸೈಕಲ್ಲು, ಟಾಂಗಾಗಳ ನಡುವೆ ನಿಂತುಕೊಂಡೆವು. ಗೂಡ್ಸ್ ಗಾಡಿ ಹೋಗಿ ಮುಗಿಯುತ್ತಲೇ ಇರಲಿಲ್ಲ. ಆ ಸದ್ದಿನ ಧೈರ್ಯದಲ್ಲಿ ಕೇಳಿದೆ.

"ಖರೇ ಹೇಳಕ್ಕಾ. ಮಾಮಾರು ಹೊಡದಾರೇನು?"

ಅಕ್ಕ ಗಾಡಿಯನ್ನೇ ನೋಡುತ್ತಿದ್ದಳು. "ದಿನಾ ಏನ್ ಹೊಡಿಯೂದಿಲ್ಲ," ಎಂದಳು.

ನಾನು ಅದನ್ನು ಅವ್ವನಿಗೆ ಹೇಳಿದೆ. ಅವ್ವ ಅಪ್ಪನಿಗೆ ಹೇಳಿದಳು. ಆ ಸಂಜೆ ಅಪ್ಪ ಅಂಗಡಿಯಿಂದ ಬಂದು ಕೈಕಾಲು ತೊಳೆದು ಕೂತರು. ಆಮೇಲೆ, "ಶಾಂತ ಮನಿಷ್ಯಾ ಅಂವ. ಏನೋ ಸಿಟ್ಟಿನ್ಯಾಗ ಒಮ್ಮೆ ಕೈ ಎತ್ತಿರಬೇಕು," ಎಂದರು. ಅವ್ವ ಅಂದಳು, "ಹೊಟ್ಟ್ಯಾಗ ಕೂಸು ಇಟಗೊಂಡು ಎಲ್ಲಿ ಹೋಗ್ತಾಳ?" ಅದು ಪ್ರಶ್ನೆಯಾಗಿರಲಿಲ್ಲ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ಒಂದು ಕ್ಷಣವೂ ನಿಲ್ಲಲಿಲ್ಲ.

ಹತ್ತು ದಿನದ ಮೇಲೆ ಕಟ್ಟು ಹಲ್ಲು ಬಂತು. ಅಕ್ಕ ಅದನ್ನು ಹಾಕಿಕೊಂಡು ಕನ್ನಡಿ ನೋಡಿಕೊಂಡು ಖಾನಾಪುರಕ್ಕೆ ಹೊರಟಳು. ಹಿಂದಿನ ದಿನ ನಾನು ಡಾಕ್ಟರು ಹೇಳಿದ್ದನ್ನೆಲ್ಲ ಎರಡು ಗೆರೆಯ ಕಾಪಿ ಪುಸ್ತಕದ ಹಾಳೆಯ ಮೇಲೆ ದುಂಡಗೆ ಬರೆದಿದ್ದೆ. ಬೇರು ಮುಟ್ಟಬಾರದು. ತಿಕ್ಕಬಾರದು. ಹಾಲಿನಲ್ಲಿ ಹಾಕಬೇಕು. ಒಂದು ತಾಸಿನೊಳಗೆ ಡಾಕ್ಟರ ಹತ್ತಿರ ಹೋಗಬೇಕು. 'ಒಂದು ತಾಸು' ಎಂಬುದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದೆ, ಶಾಲೆಯಲ್ಲಿ ಮಕ್ಕಳಿಗೆ ಮುಖ್ಯವಾದದ್ದನ್ನು ತೋರಿಸುವ ಹಾಗೆ.

"ಅಡಗಿ ಮನಿ ಗ್ವಾಡಿಗೆ ಅಂಟಸು," ಎಂದೆ.

ಅಕ್ಕ ಅದನ್ನು ಓದಿ, ಮಡಚಿ, ಚೀಲದಲ್ಲಿಟ್ಟುಕೊಂಡಳು. ಮತ್ತೆ ಹಲ್ಲು ಬೀಳುತ್ತದೆಂದು ನಾವಿಬ್ಬರೂ ಒಪ್ಪಿಕೊಂಡ ಹಾಗಾಗಿತ್ತು. ನನಗೆ ಆಗ ಹಾಗೆ ಹೊಳೆಯಲಿಲ್ಲ. ಅಕ್ಕನಿಗಾಗಿ ಏನೋ ಒಂದು ಮಾಡಿದೆನೆಂಬ ಸಮಾಧಾನವೇ ಇತ್ತು. ಅದನ್ನು ಇವತ್ತು ಬರೆಯುವುದಕ್ಕೂ ನಾಚಿಕೆಯಾಗುತ್ತದೆ.

ನಾಲ್ಕು ವರ್ಷ ಹೋದವು. ಎರಡನೆಯದೂ ಹೆಣ್ಣೇ ಆಯಿತು. ಬಾಣಂತನ ನಮ್ಮ ಮನೆಯಲ್ಲೇ. ತೊಟ್ಟಿಲಿಗೆ ಹಾಕುವ ದಿನ ಅಕ್ಕನ ಗಂಡ ಬಾಳೆಹಣ್ಣಿನ ಗೊನೆ ಹೊರಿಸಿಕೊಂಡು ಬಂದು, ಕೂಸಿನ ಕಾಲು ಹಿಡಿದು ನಕ್ಕ. ಅಕ್ಕ ನಗುವುದನ್ನು ಕಡಿಮೆ ಮಾಡಿದ್ದಳು. ಕಟ್ಟು ಹಲ್ಲಿನ ಸಂದಿಯಲ್ಲಿ ಅನ್ನ ಸಿಕ್ಕುತ್ತದೆಂದು ಊಟಕ್ಕೆ ಕೂರುವ ಮೊದಲು ಆ ಕಡೆ ತಿರುಗಿ ಅದನ್ನು ತೆಗೆದು ಬಟ್ಟಲಲ್ಲಿ ಇಡುತ್ತಿದ್ದಳು. ಅವಳ ಅತ್ತೆ ಒಂದು ಬೇಸಿಗೆಯಲ್ಲಿ ತೀರಿಕೊಂಡರು. ಮನೆಯಲ್ಲಿ ಅವರಿದ್ದಾಗ ಅಕ್ಕನಿಗೆ ಇದ್ದ ಒಂದು ಸಣ್ಣ ಆಸರೆಯೂ ಹೋಯಿತೆಂದು ನಾನು ತಿಳಿದದ್ದು ಆಮೇಲೆ. ಮಗ ಕೈ ಎತ್ತಿದಾಗಲೆಲ್ಲ ಆ ಮುದುಕಿ ನಡುವೆ ಬಂದು ನಿಲ್ಲುತ್ತಿದ್ದರಂತೆ. ಅವರು ಹೋದ ಮೇಲೆ ನಡುವೆ ಬರಲು ಉಳಿದದ್ದು ಹಿರಿಯ ಮಗಳು.

ಒಂದು ಮಳೆಗಾಲದ ದಿನ, ನಾನು ಮೂರನೇ ತರಗತಿಗೆ ಭಾಗಾಕಾರ ಹೇಳಿಕೊಡುತ್ತಿದ್ದಾಗ ಶಾಲೆಯ ಹಿರಿಯ ಶಿಕ್ಷಕಿಯೊಬ್ಬರು ಬಾಗಿಲಿಗೆ ಬಂದು, "ನಿಮ್ಮ ಮನಿಯವ್ರು ಬಂದಾರ್ರಿ, ಲಗೂನ ಬರ್ರಿ," ಎಂದರು. ಹೊರಗಿನ ಪಡಸಾಲೆಯಲ್ಲಿ ಅಕ್ಕ ನಿಂತಿದ್ದಳು. ಸೀರೆ ಮೊಣಕಾಲಿನವರೆಗೆ ತೋಯ್ದಿತ್ತು. ಪಕ್ಕದಲ್ಲಿ ಹತ್ತು ವರ್ಷದ ಮಗಳು, ಬಾಯಿಗೆ ಮಡಚಿದ ಅರಿವೆ ಒತ್ತಿಕೊಂಡು. ಅರಿವೆ ಕೆಂಪಾಗಿತ್ತು. ಹುಡುಗಿ ಅಳುತ್ತಿರಲಿಲ್ಲ. ಅಕ್ಕನ ಎರಡೂ ಕೈಯಲ್ಲಿ ಒಂದು ಸಣ್ಣ ಸ್ಟೀಲಿನ ಡಬ್ಬಿ.

ನನ್ನನ್ನು ನೋಡಿದವಳೇ ಅವಳು ಪಾಠ ಒಪ್ಪಿಸುವ ಮಗುವಿನ ಹಾಗೆ ಹೇಳಿದಳು. "ಹಾಲಿನ್ಯಾಗ ಐತಿ. ಬೇರು ಮುಟ್ಟಿಲ್ಲ. ತಿಕ್ಕಿಲ್ಲ. ಒಂದು ತಾಸಿನ ಮ್ಯಾಲ ಆತು, ದೇಸೂರ ಹತ್ರ ಬಸ್ಸು ನಿಂತು ಬಿಡ್ತು. ನಡೀತೈತಿಲ್ಲ? ಇನ್ನೂ ನಡೀತೈತಿಲ್ಲ?"

ಆಟೋ ಹಿಡಿದು ಟಿಳಕವಾಡಿಗೆ ಹೊರಟೆವು. ದಾರಿಯಲ್ಲಿ ಅಕ್ಕ ಒಂದೊಂದೇ ಮಾತು ಹೇಳಿದಳು. ಮುಂಜಾನೆ ಗಂಡನ ಸ್ನಾನದ ನೀರು ಆರಿತ್ತಂತೆ. ಮಳೆಗೆ ಕಟ್ಟಿಗೆ ಹಸಿಯಾಗಿ ಒಲೆ ಸರಿಯಾಗಿ ಹತ್ತಿರಲಿಲ್ಲ. ಅವನು ಬಚ್ಚಲಿನಿಂದಲೇ ಹಿತ್ತಾಳೆ ತಂಬಿಗೆ ಬೀಸಿ ಎಸೆದ. ಹುಡುಗಿ ಅಡ್ಡ ಬಂದಳು. ಹಲ್ಲು ಬಚ್ಚಲ ಹೊರಗಿನ ಕಲ್ಲಿನ ಮೇಲೆ ಬಿತ್ತು. ಅವನು ಮಗಳನ್ನು ನೋಡಿ, "ಯಾಕ ಅಡ್ಡ ಬಂದಿ?" ಎಂದು ಕೇಳಿದನಂತೆ, ಮೆಲ್ಲಗೇ. ಆಮೇಲೆ ಆ ಆರಿದ ನೀರಿನಲ್ಲೇ ಸ್ನಾನ ಮುಗಿಸಿ, ಪೂಜೆ ಮಾಡಿ, ಅಂಗಿ ತೊಟ್ಟು ಕಾರ್ಖಾನೆಗೆ ಹೋದ. ಅವನು ಹೊರಡುವವರೆಗೂ ಅಕ್ಕ ಹಲ್ಲನ್ನು ಹಾಲಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಸೆರಗಿನ ಕೆಳಗೆ ಹಿಡಿದು, ಮಗಳ ಬಾಯಿ ಒತ್ತಿಕೊಂಡು ಅಡುಗೆಮನೆಯಲ್ಲಿ ಕೂತಿದ್ದಳು. ಅವನು ತಿರುವಿನಲ್ಲಿ ಮರೆಯಾದ ಕೂಡಲೇ ಬಸ್ ನಿಲ್ದಾಣಕ್ಕೆ ಓಡಿದಳು.

ಬಸ್ಸಿನಲ್ಲಿ ಹಾಲು ಚೆಲ್ಲದಂತೆ ಡಬ್ಬಿಯನ್ನು ಮಡಿಲಲ್ಲಿಟ್ಟು ಎರಡೂ ಅಂಗೈ ಮುಚ್ಚಿಕೊಂಡು ಬಂದಿದ್ದಳು. ಪಕ್ಕದಲ್ಲಿ ಕೂತ ಮರಾಠಿ ಮುದುಕಿಯೊಬ್ಬಳು "ಕಾಯ್ ಆಹೆ ಗ ತ್ಯಾತ?" ಎಂದು ಕೇಳಿದಳಂತೆ. ಅದರಲ್ಲೇನಿದೆ ಎಂಬುದಕ್ಕೆ ಅಕ್ಕ "ಔಷಧ" ಎಂದಳಂತೆ.

"ಸಣ್ಣಾಕಿ ಎಲ್ಲಿ?" ಎಂದು ಕೇಳಿದೆ, ನನಗೆ ಆಗಷ್ಟೇ ನೆನಪಾಗಿತ್ತು.

"ಬಾಜು ಮನಿ ಆಯಿ ಹತ್ರ ಆಡಾಕತ್ತಿತ್ತು. ಕರಕೊಂಬರಾಕ ಹೋದ್ರ ಬಸ್ಸು ತಪ್ಪತಿತ್ತು. ಮುಂದಿನ ಬಸ್ಸಿಗೆ ಎರಡು ತಾಸು." ಅಕ್ಕ ಡಬ್ಬಿಯನ್ನೇ ನೋಡುತ್ತ ಹೇಳಿದಳು. "ಸಂಜಿಕ ಹೋಗಿ ಕರಕೊಂಬಂದ್ರಾತು."

ಡಾಕ್ಟರಿಗೆ ನಮ್ಮ ಗುರುತು ಸಿಕ್ಕಿತು. ಬೇರೆಯವರನ್ನು ಕಾಯಲು ಹೇಳಿ ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿದರು. ಡಬ್ಬಿಯ ಮುಚ್ಚಳ ತೆಗೆದು, ಹಾಲಿನೊಳಗಿಂದ ಚಿಮಟದಲ್ಲಿ ಹಲ್ಲನ್ನು ಎತ್ತಿ ನೋಡಿದರು. ಅವರ ಮುಖ ಅರಳಿತು.

"ಭಾಳ ಛಲೋ ತಂದೀರಿ. ಯಾರು ಹೇಳಿಕೊಟ್ರು?"

ಅಕ್ಕ ನನ್ನ ಕಡೆ ಕೈ ತೋರಿಸಿದಳು. ಆ ಒಂದು ಕ್ಷಣ ನನಗೆ ಹೆಮ್ಮೆಯಾಯಿತು. ಶಾಲೆಗೆ ಇನ್ಸ್‌ಪೆಕ್ಟರು ಬಂದಾಗ ನಮ್ಮ ತರಗತಿಯ ಮಗು ಸರಿಯಾದ ಉತ್ತರ ಕೊಟ್ಟರೆ ಆಗುವಂಥ ಹೆಮ್ಮೆ.

ಸೂಜಿ ಚುಚ್ಚಿ, ಒಸಡಿನಲ್ಲಿದ್ದ ಹಲ್ಲಿನ ಗೂಡನ್ನು ತೊಳೆದು, ಹಲ್ಲನ್ನು ಅದರ ಜಾಗದಲ್ಲಿ ಕೂರಿಸಿ ಡಾಕ್ಟರು ಬೆರಳಿನಿಂದ ಒತ್ತಿ ಹಿಡಿದರು. ಆಮೇಲೆ ತೆಳ್ಳನೆಯ ತಂತಿಯಿಂದ ಎರಡೂ ಕಡೆಯ ಹಲ್ಲುಗಳಿಗೆ ಸೇರಿಸಿ ಬಿಗಿದರು. ಹುಡುಗಿ ಕುರ್ಚಿಯ ಹಿಡಿಕೆ ಗಟ್ಟಿಯಾಗಿ ಹಿಡಿದಿದ್ದಳು, ಸದ್ದು ಮಾಡಲಿಲ್ಲ. ಸದ್ದು ಮಾಡದೆ ನೋವು ತಡೆಯುವುದು ಅವಳಿಗೆ ಆಗಲೇ ರೂಢಿಯಾಗಿತ್ತು. ಎಲ್ಲ ಮುಗಿದ ಮೇಲೆ ಡಾಕ್ಟರು ಅವಳ ಗಲ್ಲ ತಟ್ಟಿ ಕೇಳಿದರು.

"ಹೆಂಗ ಬಿದ್ದಿ, ಪುಟ್ಟಿ?"

"ಬಚ್ಚಲದಾಗ..." ಎಂದು ಅಕ್ಕ ಶುರು ಮಾಡಿದಳು.

"ಅಪ್ಪಾ ತಂಬಿಗಿ ಒಗದಾ," ಎಂದಳು ಹುಡುಗಿ. ತಂತಿಯ ನಡುವಿನಿಂದ ಮಾತು ತೊದಲುತ್ತ ಬಂತು. ಆದರೂ ಎಲ್ಲರಿಗೂ ತಿಳಿಯಿತು. "ಅವ್ವಗ ಒಗದಿದ್ದಾ. ನನಗ ಬಡೀತು."

ಡಾಕ್ಟರು ಕೈ ತೊಳೆಯುತ್ತಿದ್ದರು. ನಲ್ಲಿ ಹರಿಯುತ್ತಲೇ ಇತ್ತು. ನಮ್ಮ ಕಡೆ ತಿರುಗದೆ ಅವರು ಹೇಳಿದರು, "ಹೋದ ಸಲ ನಿಮ್ಮ ಮುಂಗೈ ನೋಡಿದ್ದೆ ನಾ. ಕೇಳಬೇಕಾಗಿತ್ತು. ಕೇಳ್ಲಿಲ್ಲ."

ಅವರು ನಲ್ಲಿ ನಿಲ್ಲಿಸಿ, ಎರಡು ವಾರ ಗಟ್ಟಿಯಾದದ್ದೇನೂ ತಿನ್ನಿಸಬೇಡಿ, ಗಂಜಿ, ಮೆತ್ತನ್ನ ಕೊಡಿ ಎಂದು ಹೇಳತೊಡಗಿದರು.

ಮನೆಗೆ ಬಂದಾಗ ಅಪ್ಪ ಊಟಕ್ಕೆ ಬಂದಿದ್ದರು. ಮೊಮ್ಮಗಳು ಅಜ್ಜನ ಎದುರು ಕೂತು ತಾನಾಗಿ ಬಾಯಿ ತೆರೆದು ತೋರಿಸಿದಳು. ಅಪ್ಪ ನೋಡಿದರು, ತಾಟಿನ ಮುಂದಿನಿಂದ ಎದ್ದರು. ಕೈಯಲ್ಲಿ ಮುರಿದ ರೊಟ್ಟಿ ಹಾಗೇ ಇತ್ತು. "ಸಣ್ಣಾಕಿನ್ನ ನಾ ಕರಕೊಂಬರತೀನಿ," ಎಂದು ಛತ್ರಿ ತೆಗೆದುಕೊಂಡು ಮಧ್ಯಾಹ್ನದ ಬಸ್ಸಿಗೆ ಖಾನಾಪುರಕ್ಕೆ ಹೋದರು. ಅಕ್ಕ ತಾನೂ ಬರುತ್ತೇನೆಂದಳು. ಅಪ್ಪನೇ ಬೇಡವೆಂದರು. ಅವಳನ್ನು ಮತ್ತೆ ಆ ಮನೆಯ ಹೊಸ್ತಿಲಿಗೆ ಕರೆದೊಯ್ಯಲು ಅವರಿಗೆ ಅವತ್ತು ಮನಸ್ಸಾಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಒಬ್ಬರೇ ವಾಪಸು ಬಂದರು. ಮನೆಗೆ ಕೀಲಿ ಹಾಕಿತ್ತಂತೆ. ಅಕ್ಕನ ಗಂಡ ಮಧ್ಯಾಹ್ನ ಊಟಕ್ಕೆ ಬಂದವನು, ಹೆಂಡತಿ ಇಲ್ಲದ್ದನ್ನು ನೋಡಿ, ಪಕ್ಕದ ಮನೆಯಿಂದ ಮಗುವನ್ನು ಎತ್ತಿಕೊಂಡು ಲೋಂಡಾದ ಕಡೆ ಇದ್ದ ತನ್ನ ಅಣ್ಣನ ಊರಿಗೆ ಹೋಗಿದ್ದ. ಪಕ್ಕದ ಮನೆಯ ಆಯಿ, ಮಗು ಅವ್ವ ಎಲ್ಲಿ ಎಂದು ಕೇಳುತ್ತಿತ್ತೆಂದು ಅಪ್ಪನ ಮುಂದೆ ಅತ್ತಳಂತೆ. ಅಪ್ಪ ಇದಿಷ್ಟು ಹೇಳಿ ಅಂಗಳದ ಕಟ್ಟೆಯ ಮೇಲೆ ಕೂತರು. ಅಕ್ಕ ಆ ಸ್ಟೀಲಿನ ಡಬ್ಬಿ ತಿಕ್ಕುತ್ತಿದ್ದಳು. ಬಹಳ ಹೊತ್ತು ತಿಕ್ಕಿದಳು.

ಹತ್ತು ಹನ್ನೆರಡು ದಿನದ ಮೇಲೆ ಖಾನಾಪುರದಲ್ಲಿ, ಎರಡೂ ಮನೆಯವರಿಗೆ ಬೇಕಾದ ಬಳಗದವರೊಬ್ಬರ ಮನೆಯಲ್ಲಿ ಹಿರಿಯರು ಕೂಡಿದರು. ಜಮಖಾನೆ ಹಾಸಿತ್ತು. ಅಕ್ಕನ ಗಂಡ ಬಿಳಿ ಅಂಗಿಯಲ್ಲಿ ಬಂದು ಎಲ್ಲರಿಗೂ ಶರಣು ಹೇಳಿ ಕೂತ. ಅವನು ಒಂದೂ ಸುಳ್ಳು ಹೇಳಲಿಲ್ಲ.

"ನಾ ಕೈ ಮಾಡಿದ್ದು ತಪ್ಪ್ರಿ. ಒಪ್ಪಗೋತೀನಿ. ಆದ್ರ ಮೂರು ವರ್ಷದ ಕೂಸು ಬಿಟ್ಟು ಓಡಿ ಹೋದಾಕಿ ತಾಯಿ ಹೆಂಗ ಆಗ್ತಾಳ್ರಿ? ನೀವ ಹೇಳ್ರಿ."

ಎಲ್ಲರೂ ಅಕ್ಕನ ಕಡೆ ತಿರುಗಿದರು. ಅಕ್ಕ ತಲೆ ಎತ್ತಿ, "ಹಲ್ಲು ಒಂದು ತಾಸಿನ ಒಳಗ ಒಯ್ಯಬೇಕಾಗಿತ್ರಿ," ಎಂದಳು.

ಹಿರಿಯರಲ್ಲಿ ಒಬ್ಬರು ನಕ್ಕರು. "ಒಂದ ಹಲ್ಲಿಗೋಸ್ಕರ ಕೂಸು ಬಿಟ್ಟು ಹೋದ್ಯಾ ತಂಗಿ?"

ನಾನು ಗೋಡೆಗೆ ಒರಗಿ ಹೆಂಗಸರ ನಡುವೆ ಕೂತಿದ್ದೆ. ಎದ್ದು ಹೇಳಬೇಕಿತ್ತು: ಆ ಒಂದು ತಾಸು ನಾನು ಬರೆದದ್ದು, ಕೆಂಪು ಶಾಯಿಯಲ್ಲಿ ಗೆರೆ ಎಳೆದವಳು ನಾನು. ಹೇಳಲಿಲ್ಲ. ಹಾಲಿನಲ್ಲಿಟ್ಟರೆ ಇನ್ನೂ ಸ್ವಲ್ಪ ಹೊತ್ತು ತಾಳುತ್ತದೆ, ಮುಂದಿನ ಬಸ್ಸಿಗೆ ಬಂದಿದ್ದರೂ ಬಹುಶಃ ನಡೆಯುತ್ತಿತ್ತು ಎಂದು, ಹುಡುಗಿಯ ತಂತಿ ತೋರಿಸಲು ಹೋದಾಗ ಡಾಕ್ಟರು ನನಗೆ ಹೇಳಿದ್ದರು. ಅದನ್ನಂತೂ ಅಕ್ಕನಿಗೆ ಹೇಳಲು ನನಗೆ ಬಾಯಿ ಬಂದಿರಲಿಲ್ಲ.

ಸಂಜೆಯವರೆಗೆ ಮಾತು ನಡೆಯಿತು. ಕೊನೆಗೆ ಅವರು ಅಕ್ಕನ ಮುಂದೆ ಎರಡು ದಾರಿ ಇಟ್ಟರು. ಹಿರಿಯ ಮಗಳನ್ನು ಕರೆದುಕೊಂಡು ಗಂಡನ ಮನೆಗೆ ಮರಳುವುದು, ಆಗ ಸಣ್ಣವಳನ್ನೂ ತಂದು ಕೊಡುತ್ತಾರೆ. ಇಲ್ಲವಾದರೆ ಹಿರಿಯಳು ಅವಳ ಹತ್ತಿರ, ಸಣ್ಣವಳು ಅವನ ಹತ್ತಿರ.

ಅಕ್ಕನ ಹಿಂದೆ ಹಿರಿಯ ಮಗಳು ಕೂತಿದ್ದಳು. ಬಾಯಲ್ಲಿ ಇನ್ನೂ ತಂತಿ. ಅಕ್ಕ ತಿರುಗಿ ಅವಳನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೋ. ಆಮೇಲೆ, "ನಾ ಹೋಗೂದಿಲ್ಲರಿ," ಎಂದಳು.

ಅಪ್ಪ ಒಬ್ಬ ವಕೀಲರನ್ನು ಕಂಡು ಬಂದರು. ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಆಗುತ್ತದೆಂದು ಅವರು ಹೇಳಿದರಂತೆ. ಅಪ್ಪ ಮತ್ತೆ ಆ ಮಾತು ತೆಗೆಯಲಿಲ್ಲ. ಓಣಿಯಲ್ಲಿ ಅಕ್ಕನ ಬಗ್ಗೆ ಆಡಿಕೊಳ್ಳುವವರಿದ್ದರು. ನನ್ನನ್ನು ನೋಡಲು ಬಂದ ಒಂದೆರಡು ಮನೆಯವರು ಚಹಾ ಕುಡಿದು, ಹಿರಿಯ ಮಗಳು ಯಾಕೆ ಇಲ್ಲೇ ಇದ್ದಾಳೆಂದು ಕೇಳಿ, ಹೋದವರು ತಿರುಗಿ ಬರಲಿಲ್ಲ. ಅಕ್ಕ ಹೊಲಿಗೆ ಕಲಿತಳು. ಅಪ್ಪನ ಅಂಗಡಿಯ ಮೂಲೆಯಲ್ಲಿ ಮಷೀನು ಹಾಕಿಕೊಂಡು ಜಂಪರು, ಲಂಗ ಹೊಲಿಯತೊಡಗಿದಳು.

ಹುಡುಗಿಯ ಹಲ್ಲು ಕೂಡಿತು. ತಂತಿ ತೆಗೆದ ದಿನ ಡಾಕ್ಟರು ಅದನ್ನು ಅಲುಗಾಡಿಸಿ ನೋಡಿ ಗಟ್ಟಿ ಇದೆ ಎಂದರು. ಮುಂದೆ ಬಣ್ಣ ಸ್ವಲ್ಪ ಮಾಸಬಹುದು, ಅದರೊಳಗಿನ ನರ ಸತ್ತಿದೆ, ಎಂದೂ ಅಂದರು. ವರ್ಷ ಕಳೆದಂತೆ ಅದು ಬೂದಿಯ ಬಣ್ಣಕ್ಕೆ ತಿರುಗಿತು.

ಸಣ್ಣವಳನ್ನು ಅವನು ಎರಡು ವರ್ಷ ಅಣ್ಣನ ಮನೆಯಲ್ಲೇ ಬಿಟ್ಟಿದ್ದ. ಆಮೇಲೆ ಅವನಿಗೆ ಇನ್ನೊಂದು ಮದುವೆಯಾಯಿತು, ಹೆಣ್ಣು ಮರಾಠಿ ಮಾತಾಡುವ ಮನೆಯದು. ಮಗುವನ್ನು ಖಾನಾಪುರಕ್ಕೆ ಕರೆತಂದು ಮರಾಠಿ ಶಾಲೆಗೆ ಹಾಕಿದರು. ಸುದ್ದಿ ತಿಳಿದು ಅಕ್ಕ ಗುರುವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ, ಸಣ್ಣ ಬಿಡುವಿನ ಹೊತ್ತಿಗೆ ಶಾಲೆಯ ಗೇಟಿನ ಹತ್ತಿರ ನಿಲ್ಲುತ್ತಿದ್ದಳು. ಮೊದಮೊದಲು ಮಗು ಬಂದು, ಕೊಟ್ಟ ಪೇಪರಮಿಂಟು ಇಸಿದುಕೊಂಡು ಹೋಗುತ್ತಿತ್ತು. ಆಮೇಲೆ ಮನೆಯಲ್ಲಿ ಯಾರೋ ಬಯ್ದಿರಬೇಕು, ಗೇಟಿನ ಕಡೆ ಬರುವುದನ್ನೇ ಬಿಟ್ಟಿತು. ಅಕ್ಕ ಆದರೂ ಕೆಲವು ತಿಂಗಳು ಹೋಗಿ ನಿಂತು ಬಂದಳು.

ಅಂಥ ಒಂದು ಗುರುವಾರ, ಅವಳು ವಾಪಸು ಬಂದು ಮಷೀನಿನ ಮುಂದೆ ಕೂತಿದ್ದಾಗ ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ನಾ ಒಂದು ತಾಸು ಅಂತ ಬರೀಬಾರದಿತ್ತು."

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. "ನೀ ಬರದಿದ್ದು ಖರೇನ ಇತ್ತಲ್ಲ. ಡಾಕ್ಟರು ಹೇಳಿದ್ದನ್ನ ಬರದಿ."

"ಆದ್ರೂ..."

"ಅದನ್ನ ನಾ ಎಷ್ಟ ಸಲ ಓದೇನಿ ಗೊತ್ತೈತೇನು? ಅಡಗಿ ಮಾಡೂ ಮುಂದ ದಿನಾ ಓದತಿದ್ನಿ. ಬಾಯಿಪಾಠ ಆಗಿತ್ತು." ದಾರ ಪೋಣಿಸಿದವಳು ತಲೆ ಎತ್ತಿದಳು. ಸಿಟ್ಟಿರಲಿಲ್ಲ. "ಮನಿ ಬಿಟ್ಟು ಬಂದು ಬಿಡು ಅಂತ ಅದರಾಗ ಒಂದ ಸಾಲು ಇದ್ದಿದ್ರ, ಅದನ್ನೂ ಓದತಿದ್ನಿ."

ಅಷ್ಟು ಹೇಳಿ ಮಷೀನು ತುಳಿಯತೊಡಗಿದಳು. ನಾನು ಅಲ್ಲೇ ನಿಂತಿದ್ದೆ. ಅವಳು ಕತ್ತರಿಸಿದ ಚೂರುಗಳನ್ನು ಆಯ್ದು ಬುಟ್ಟಿಗೆ ಹಾಕಿದೆ.

ಎಂಬತ್ತರ ದಶಕದ ಕೊನೆಯಲ್ಲಿ ನಾನೂ ಅಕ್ಕನೂ ಹಿರಿಯ ಹುಡುಗಿಯನ್ನು ಕರೆದುಕೊಂಡು ಮಹಾಂತೇಶ ನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಮಾಡಿದೆವು. ಆ ವರ್ಷದ ಮೇ ರಜೆಯಲ್ಲಿ, ಯಾರು ಏನು ಹೇಳಿದರೋ, ಸಣ್ಣವಳನ್ನು ಎಂಟು ದಿನದ ಮಟ್ಟಿಗೆ ಕಳಿಸಿಕೊಡಲು ಅವಳ ಅಪ್ಪ ಒಪ್ಪಿದ. ಅವಳಿಗೆ ಆಗ ಏಳು ವರ್ಷ. ಅಕ್ಕ ಒಂದು ವಾರ ಮೊದಲೇ ಎರಡು ಫ್ರಾಕು ಹೊಲಿದಿಟ್ಟಿದ್ದಳು. ಅಳತೆ ಗೊತ್ತಿರಲಿಲ್ಲ, ಓಣಿಯ ಏಳು ವರ್ಷದ ಹುಡುಗಿಯ ಅಳತೆಗೆ ಹೊಲಿದಿದ್ದಳು. ಎರಡೂ ಸಡಿಲಾದವು.

ಹುಡುಗಿ ಹಟಮಾರಿಯಲ್ಲ. ಕೊಟ್ಟದ್ದು ತಿಂದಳು, ಹೇಳಿದಲ್ಲಿ ಕೂತಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ನಮಗೆ ಮರಾಠಿ ಬಾರದ್ದೇನಲ್ಲ, ಅಂಗಡಿಯಲ್ಲಿ ದಿನಾ ಆಡುವ ಭಾಷೆ. ಆದರೆ ಮಗಳ ತಲೆ ಬಾಚುತ್ತ ಅಕ್ಕ ತಡವರಿಸಿ ತಡವರಿಸಿ ಮರಾಠಿಯಲ್ಲಿ ಮಾತಾಡುವುದನ್ನು ಕೇಳಲು ನನ್ನಿಂದ ಆಗುತ್ತಿರಲಿಲ್ಲ. ಹುಡುಗಿ ಅಕ್ಕನನ್ನು ಏನೆಂದೂ ಕರೆಯಲಿಲ್ಲ. ಬೇಕಾದದ್ದಿದ್ದರೆ ಹತ್ತಿರ ಹೋಗಿ ನಿಲ್ಲುತ್ತಿದ್ದಳು.

ಮೂರನೆಯ ದಿನ ಮುಂಜಾನೆ ಅವಳು ಚಹಾದ ಬಟ್ಟಲು ಕೆಳಗಿಟ್ಟು, "ಮೀ ಘರೀ ಕಧೀ ಜಾಣಾರ?" ಎಂದು ಕೇಳಿದಳು. ನಾನು ಮನೆಗೆ ಯಾವಾಗ ಹೋಗುವುದು ಎಂದು.

ಹಿರಿಯಳು, "ಇದ ನಿನ್ನ ಮನಿ ಅಲ್ಲೇನ?" ಎಂದಳು ಸ್ವಲ್ಪ ಜೋರಾಗಿ. ಅಕ್ಕ ಅವಳಿಗೆ ಸುಮ್ಮನಿರೆಂದು ಕಣ್ಣಿನಲ್ಲೇ ಹೇಳಿದಳು. "ನಾಳಿಗೆ ಹೋಗೂಣು," ಎಂದಳು ಸಣ್ಣವಳಿಗೆ. ಕನ್ನಡದಲ್ಲೇ ಹೇಳಿದಳು. ಹುಡುಗಿಗೆ ಅರ್ಥವಾಯಿತು.

ಮರುದಿನ ಅಕ್ಕ ಮುಂಜಾನೆಯ ಬಸ್ಸಿಗೆ ಅವಳನ್ನು ಕರೆದುಕೊಂಡು ಹೋದಳು. ಸಡಿಲಾದ ಎರಡೂ ಫ್ರಾಕುಗಳನ್ನು ಚೀಲದಲ್ಲಿಟ್ಟು ಕಳಿಸಿದ್ದೆವು, ಮುಂದಿನ ವರ್ಷಕ್ಕೆ ಸರಿಯಾಗುತ್ತವೆಂದು. ಮಧ್ಯಾಹ್ನದ ಬಿಸಿಲಿನಲ್ಲಿ ಅಕ್ಕ ವಾಪಸು ಬಂದು ಕಾಲು ತೊಳೆದು, ಸಾರಿಗೆ ಬೇಳೆ ಇಟ್ಟಿದ್ದೀಯೇನು ಎಂದು ನನ್ನನ್ನು ಕೇಳಿದಳು. ಇಟ್ಟಿದ್ದೇನೆಂದೆ. ಹಿರಿಯಳು ಬಾಗಿಲಿಗೆ ಒರಗಿ ನಿಂತಿದ್ದಳು.

"ಅತ್ತಳೇನವ್ವಾ?"

"ಇಲ್ಲ," ಎಂದಳು ಅಕ್ಕ. "ಖಿಡಕಿ ಬಾಜು ಜಾಗಾ ಸಿಕ್ಕಿತ್ತು. ಹೊರಗ ನೋಡಕೋಂತ ಕುಂತಿದ್ಲು."